ಮಳೆ ತಾಗದ ನೆಲ: ಅಪ್ಪನ ಜೊತೆ ಭೀಮ್‌ಬೆಟ್ಕಾಕ್ಕೆ

ಮೊದಲ ದಿನ: ರೈಲಿನಲ್ಲಿ

ಅಪ್ಪ ಗೌಂಡಿ ಕೆಲಸ ಮಾಡಿದವರು. ಗಂಗಾವತಿಯ ಸುತ್ತಮುತ್ತ ಅವರು ಕಟ್ಟಿದ ಗೋಡೆ, ಹಾಸಿದ ನೆಲ ಇವತ್ತಿಗೂ ಗಟ್ಟಿಯಾಗಿವೆ. ಈಗ ವಯಸ್ಸು ಎಪ್ಪತ್ತು. "ಎಲ್ಲಾದರೂ ದೂರ ಹೋಗಿ ಬರೋಣ" ಅಂದಾಗ ಕಾಶಿ ಅನ್ನುತ್ತಾರೆ ಅಂದುಕೊಂಡಿದ್ದೆ. "ನೀ ಎಲ್ಲಿ ಕರಕೊಂಡು ಹೋದ್ರ ಅಲ್ಲಿ" ಅಂದರು. ನಾನು ಭೀಮ್‌ಬೆಟ್ಕಾ ಅಂದೆ. ಮಧ್ಯಪ್ರದೇಶದಲ್ಲಿ, ಭೋಪಾಲ್ ಹತ್ತಿರ, ಆದಿಮಾನವರ ಚಿತ್ರಗಳಿರುವ ಬೆಟ್ಟ.

ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಆದಿಮಾನವರ ಪಾಠ ಬಂದಾಗಲೆಲ್ಲ ಈ ಹೆಸರು ಬರುತ್ತದೆ. ಪ್ರತಿ ವರ್ಷ ಯಾವುದಾದರೂ ಒಂದು ಮಗು ಎದ್ದು ನಿಂತು ಕೇಳುತ್ತದೆ: "ಟೀಚರ್, ಅವರು ಮಲಗ್ತಿದ್ದದ್ದು ಎಲ್ಲಿ?" ಗವಿಯಲ್ಲಿ ಅನ್ನುತ್ತೇನೆ. "ಗವಿಯಲ್ಲಿ ಎಲ್ಲಿ?" ಅಂತ ಮತ್ತೆ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಊರ ಹತ್ತಿರದ ಹಿರೇಬೆಣಕಲ್ ಗುಡ್ಡಕ್ಕೆ ಚಿಕ್ಕವಳಿದ್ದಾಗ ಅಪ್ಪ ಕರೆದುಕೊಂಡು ಹೋಗಿದ್ದರು. ಅಲ್ಲಿ ದೊಡ್ಡ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಮನೆಗಳಿವೆ, ಬಂಡೆಗಳ ಮೇಲೆ ಕೆಂಪು ಚಿತ್ರಗಳಿವೆ. ಮೋರೇರ ಗುಡ್ಡ ಅಂತ ನಮ್ಮ ಕಡೆ ಕರೆಯುತ್ತಾರೆ. ಆದರೆ ಅವು ಸತ್ತವರಿಗಾಗಿ ಕಟ್ಟಿದ ಮನೆಗಳು. ಬದುಕಿದ್ದವರು ಇದ್ದ ಜಾಗ ನೋಡಬೇಕು ಅನ್ನೋದು ನನ್ನ ಆಸೆ.

ರಾಯಚೂರಿನಲ್ಲಿ ಬೆಳಗಿನ ಜಾವ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ಕಲಬುರಗಿ, ಸೊಲ್ಲಾಪುರ, ಮನ್ಮಾಡ್, ಭುಸಾವಳ, ಖಂಡ್ವಾ. ಇಡೀ ದಿನ ಕಿಟಕಿ ಪಕ್ಕ ಕೂತು ಅಪ್ಪ ಮಣ್ಣಿನ ಬಣ್ಣ ಬದಲಾಗೋದನ್ನು ನೋಡುತ್ತಿದ್ದರು. ಕತ್ತಲಾದ ಮೇಲೆ ಅವರಿಗೆ ವಾಕಣಕರ್ ಕತೆ ಹೇಳಿದೆ.

ವಿಷ್ಣು ಶ್ರೀಧರ ವಾಕಣಕರ್ ಉಜ್ಜಯಿನಿಯವರು. ಚಿತ್ರ ಬರೆಯುತ್ತಿದ್ದರು, ಹಳೆಯ ಕಾಲದ ಕುರುಹು ಹುಡುಕುತ್ತಿದ್ದರು. 1957ರಲ್ಲಿ ಇದೇ ಇಟಾರ್ಸಿ-ಭೋಪಾಲ್ ದಾರಿಯ ರೈಲಿನಲ್ಲಿ ಹೋಗುವಾಗ ಕಿಟಕಿಯಿಂದ ಬೆಟ್ಟದ ಮೇಲಿನ ಬಂಡೆಗಳು ಕಂಡವು. ಸ್ಪೇನ್, ಫ್ರಾನ್ಸ್‌ಗಳ ಬಂಡೆಗಳ ಹಾಗೇ ಇವೆಯಲ್ಲ ಅನ್ನಿಸಿತು. ಆಮೇಲೆ ಜನ ಕಟ್ಟಿಕೊಂಡು ಹೋಗಿ ಬೆಟ್ಟ ಹತ್ತಿದರು. ಅಲ್ಲಿದ್ದದ್ದು ಸಾವಿರಾರು ವರ್ಷದ ಚಿತ್ರಗಳು. ಅದಕ್ಕೂ ಮುಂಚೆ, 1888ರಲ್ಲೇ, ಕಿಂಕೇಡ್ ಅನ್ನೋ ಬ್ರಿಟಿಷ್ ಅಧಿಕಾರಿ ಈ ಜಾಗದ ಬಗ್ಗೆ ಬರೆದಿದ್ದ. ಅಲ್ಲಿನ ಆದಿವಾಸಿಗಳು ಹೇಳಿದ್ದನ್ನು ಕೇಳಿ, ಇದು ಬೌದ್ಧರ ಜಾಗ ಅಂದುಕೊಂಡಿದ್ದ. ಅಂದರೆ ಅಲ್ಲಿಯ ಜನಕ್ಕೆ ಈ ಬೆಟ್ಟ ಯಾವತ್ತೂ ಗೊತ್ತಿತ್ತು. ಕಂಡುಹಿಡಿದದ್ದು 1957 ಅಂತ ಪಾಠದಲ್ಲಿ ಹೇಳುವಾಗ ಇದನ್ನೂ ಸೇರಿಸಬೇಕು ಅಂತ ನನಗೆ ಅನ್ನಿಸುತ್ತದೆ.

"ಹಂಗಾದ್ರ ನಮಗೂ ಕಾಣತೈತಿ?" ಅಂತ ಅಪ್ಪ ಕಿಟಕಿಗೆ ಮುಖ ಹಚ್ಚಿದರು. ಹೊರಗೆ ಪೂರಾ ಕತ್ತಲು. ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತಿತ್ತು. ಭೋಪಾಲ್ ಬಂದಾಗ ತುಂಬ ಹೊತ್ತಾಗಿತ್ತು.

ಎರಡನೇ ದಿನ: ಭೋಪಾಲ್

ಬೆಳಿಗ್ಗೆ ಅವಲಕ್ಕಿ, ಅದರ ಜೊತೆ ಬಿಸಿ ಜಿಲೇಬಿ. ಭೋಪಾಲಿನಲ್ಲಿ ಇವೆರಡನ್ನೂ ಒಟ್ಟಿಗೇ ತಿನ್ನುತ್ತಾರೆ. ಅಪ್ಪನಿಗೆ ಹಿಡಿಸಿತು.

ಈ ದಿನ ಸುಸ್ತು ಕಳೆಯಲಿ ಅಂತ ಊರಿನಲ್ಲೇ ಇದ್ದೆವು. ಶ್ಯಾಮಲಾ ಹಿಲ್ಸ್ ಮೇಲೆ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯ ಇದೆ. ದೇಶದ ಬೇರೆ ಬೇರೆ ಬುಡಕಟ್ಟುಗಳ ಮನೆಗಳನ್ನು ಬಯಲಿನಲ್ಲೇ ಕಟ್ಟಿ ತೋರಿಸಿದ್ದಾರೆ. ಒಳಗೇ ಚಿತ್ರಗಳಿರುವ ನಿಜವಾದ ಕಲ್ಲಾಸರೆಗಳೂ ಇವೆ, ಅಂದರೆ ಮುಂದೆ ಚಾಚಿದ ಬಂಡೆಯ ಕೆಳಗಿನ ಆಸರೆಯ ಜಾಗಗಳು. ನಗರದ ನಡುವೆ, ಕೆರೆ ಕಾಣುವ ಗುಡ್ಡದಲ್ಲಿ! ಇದನ್ನು ನೋಡಿದ ಮೇಲೆ ಒಂದು ಗೊತ್ತಾಯಿತು. ಭೀಮ್‌ಬೆಟ್ಕಾ ಒಂಟಿ ಅಲ್ಲ. ವಿಂಧ್ಯದ ಈ ಸೆರಗಿನಲ್ಲಿ ಎಲ್ಲೆಲ್ಲಿ ಬಂಡೆ ಚಾಚಿಕೊಂಡಿದೆಯೋ ಅಲ್ಲೆಲ್ಲ ಮನುಷ್ಯರು ಇದ್ದರು.

ಮೂರನೇ ದಿನ: ಬೆಟ್ಟ

ಬೆಳಿಗ್ಗೆ ಆರೂವರೆಗೆ ಬರಬೇಕಿದ್ದ ಕಾರು ಬರಲಿಲ್ಲ. ಹಿಂದಿನ ದಿನ ಫೋನಿನಲ್ಲಿ ಮಾತಾಡಿ ಮುಂಗಡ ಕೂಡ ಕೊಟ್ಟಿದ್ದೆ. ಎಂಟರ ತನಕ ಕಾದೆವು. ನನಗೆ ಅಳು ಬರುವಷ್ಟು ಬೇಜಾರಾಗಿತ್ತು, ಯಾಕಂದರೆ ಬೆಳಗಿನ ಬೆಳಕಿನಲ್ಲಿ ಚಿತ್ರ ನೋಡಬೇಕು ಅಂತ ಎಷ್ಟೋ ದಿನದಿಂದ ಅಂದುಕೊಂಡಿದ್ದೆ. ಅಪ್ಪ ಎದ್ದು ನಿಂತರು. "ಬಸ್ ಇಲ್ಲೇನು?" ಇತ್ತು. ನರ್ಮದಾಪುರಂ ಕಡೆ ಹೋಗುವ ಬಸ್ಸು ಹತ್ತಿ, ಒಬೇದುಲ್ಲಾಗಂಜ್‌ನಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿದೆವು. ಭೋಪಾಲಿನಿಂದ ಒಟ್ಟು ಸುಮಾರು 45 ಕಿ.ಮೀ. ಹೆದ್ದಾರಿ ಬಿಟ್ಟು ಕಾಡಿನ ದಾರಿ ಹಿಡಿದ ಮೇಲೆ ಬೆಟ್ಟದ ಬಂಡೆಗಳು ಕಾಣತೊಡಗಿದವು. ಮರಗಳ ತಲೆಯ ಮೇಲೆ ಹಳೆಯ ಕೋಟೆ ಎದ್ದು ನಿಂತ ಹಾಗೆ.

ಇದು ರಾತಾಪಾನಿ ಕಾಡಿನ ಭಾಗ. ತೇಗ, ತೆಂದು, ಮಹುವಾ ಮರಗಳು. 2024ರ ಡಿಸೆಂಬರ್‌ನಲ್ಲಿ ರಾತಾಪಾನಿಯನ್ನು ಹುಲಿ ಮೀಸಲು ಪ್ರದೇಶ ಮಾಡಿ, ವಾಕಣಕರ್ ಹೆಸರನ್ನೇ ಇಟ್ಟರು. ಚಿತ್ರಗಳಲ್ಲಿ ಹುಲಿ ಇದೆ, ಹೊರಗಿನ ಕಾಡಿನಲ್ಲೂ ಹುಲಿ ಇದೆ. ಇದು ನನಗೆ ತುಂಬ ಖುಷಿ ಕೊಟ್ಟ ವಿಷಯ.

ಐದು ಬೆಟ್ಟಗಳ ಸಾಲು ಸೇರಿ ಈ ಜಾಗ: ವಿನಾಯಕ, ಭೌಂರಾವಲಿ, ಭೀಮ್‌ಬೆಟ್ಕಾ, ಲಾಖಾ ಜುವಾರ್ ಪೂರ್ವ ಮತ್ತು ಪಶ್ಚಿಮ. ಕಲ್ಲಾಸರೆಗಳು 700ಕ್ಕೂ ಹೆಚ್ಚು. ಅವುಗಳಲ್ಲಿ 400ಕ್ಕೂ ಹೆಚ್ಚರಲ್ಲಿ ಚಿತ್ರಗಳಿವೆ. 2003ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮಗೆ ತೋರಿಸೋದು ಹದಿನೈದೇ. ಮೊದಲು ಕೇಳಿದಾಗ ಇಷ್ಟೇನಾ ಅನ್ನಿಸಿತ್ತು. ಹೊರಡುವ ಹೊತ್ತಿಗೆ ಹದಿನೈದೂ ಜಾಸ್ತಿಯಾಗಿತ್ತು. ಉಳಿದವು ಸುಮ್ನೆ ಕಾಡಿನ ಪಾಡಿಗೆ ಇರಲಿ.

ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಕಲ್ಲಿನ ಕಾಲುದಾರಿ. ಹತ್ತೋದು ಏನಿಲ್ಲ, ವಯಸ್ಸಾದವರೂ ಆರಾಮಾಗಿ ನಡೆಯಬಹುದು. ಗೇಟಿನ ಹತ್ತಿರ ಸಿಕ್ಕ ಗೈಡ್ ಒಬ್ಬರನ್ನು ಜೊತೆ ಮಾಡಿಕೊಂಡೆವು. ಭೀಮ ಕೂತ ಜಾಗ ಅನ್ನೋ ಅರ್ಥದಿಂದ ಈ ಹೆಸರು ಬಂತು ಅಂತ ಅವರು ಶುರು ಮಾಡಿದರು.

ಮೊದಲ ಕಲ್ಲಾಸರೆಯ ಹತ್ತಿರವೇ ಅಗೆದ ಜಾಗ ಇದೆ. ಹೆಚ್ಚಿನ ಜನ ಅಲ್ಲಿ ಆದಿಮಾನವರ ಬೊಂಬೆಗಳ ಫೋಟೋ ತೆಗೆದು ಮುಂದೆ ಹೋಗುತ್ತಿದ್ದರು. ನಾವು ಅಲ್ಲೇ ಮುಕ್ಕಾಲು ಗಂಟೆ ನಿಂತೆವು. ಅದಕ್ಕೆ ಅಪ್ಪನೇ ಕಾರಣ.

ಪುಣೆಯ ಡೆಕ್ಕನ್ ಕಾಲೇಜಿನ ವೀರೇಂದ್ರ ನಾಥ್ ಮಿಶ್ರಾ 1970ರ ದಶಕದಲ್ಲಿ ಇಲ್ಲಿ ಅಗೆದರು. ಆ ಕಲ್ಲಾಸರೆಗೆ ಅವರ ದಾಖಲೆಯಲ್ಲಿ 3 ಎಫ್-23 ಅನ್ನೋ ಗುರುತು. ಸುಮಾರು ನಾಲ್ಕು ಮೀಟರ್ ಆಳ ಹೋದರು. ಮೇಲಿನ ಪದರದಲ್ಲಿ ಉಗುರಿನಷ್ಟು ಸಣ್ಣ ಕಲ್ಲಿನ ಅಲಗುಗಳು. ಅವಕ್ಕೆ ಬೆಟ್ಟದ ಕಲ್ಲು ಸಾಲದೆ ಹೊರಗಿನಿಂದ ನುಣುಪಾದ ಕಲ್ಲು ತಂದಿದ್ದರು. ಕೆಳಗೆ ಹೋದ ಹಾಗೆ ಉಪಕರಣ ದೊಡ್ಡದಾಗುತ್ತದೆ, ಒರಟಾಗುತ್ತದೆ. ತಳದಲ್ಲಿ ಕೈಗೊಡಲಿಗಳು, ಅಗಲ ಬಾಯಿಯ ಸೀಳುಗಲ್ಲುಗಳು. ಅವನ್ನು ಇದೇ ಬೆಟ್ಟದ ಕಲ್ಲಿನಿಂದ ಮಾಡಿದ್ದರು. ಅವು ಲಕ್ಷ ವರ್ಷಕ್ಕೂ ಹಿಂದಿನವು. ಒಂದೇ ಬಂಡೆಯ ಕೆಳಗೆ, ಒಬ್ಬರಾದ ಮೇಲೆ ಒಬ್ಬರು, ಲಕ್ಷ ವರ್ಷ. ನಾನು ಇದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ತಳದ ಪದರದಲ್ಲಿ ಕಲ್ಲು ಚಪ್ಪಡಿ ಹಾಸಿದ ನೆಲ ಸಿಕ್ಕಿತ್ತು ಅಂದಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಹಾಸಿದ್ದಂತ ಹೆಂಗ ಗೊತ್ತಾತು? ಮ್ಯಾಲಿಂದ ಬಿದ್ದಿದ್ದಿರಬಹುದಲ್ಲ?"

ಒಳ್ಳೆಯ ಪ್ರಶ್ನೆ. ಗೈಡ್‌ಗೆ ಹಿಂದಿಯಲ್ಲಿ ಕೇಳಿದೆ. ಚಪ್ಪಟೆ ಕಲ್ಲುಗಳು ಒಂದರ ಪಕ್ಕ ಒಂದು ಇದ್ದವು, ಅದಕ್ಕೇ ಹಾಗೆ ಹೇಳುತ್ತಾರೆ ಅಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಲೆ ಎತ್ತಿ ಬಂಡೆಯ ಅಂಚು ನೋಡಿದರು, ಕೆಳಗೆ ನೋಡಿದರು, ಮತ್ತೆ ಮೇಲೆ ನೋಡಿದರು.

"ಅವ್ವಾ, ಇಲ್ಲಿ ನೋಡು. ಮಳಿ ನೀರು ಇಲ್ಲೀತನಕ ಬರತೈತಿ. ಒಳಗ ಬರಂಗಿಲ್ಲ."

ನಿಜ. ಬಂಡೆಯ ಅಂಚಿಗೆ ನೇರವಾಗಿ ಕೆಳಗೆ, ನೆಲದ ಮೇಲೆ ಒಂದು ಗೆರೆ ಇತ್ತು. ಗೆರೆಯ ಹೊರಗೆ ಪಾಚಿಯ ಕಪ್ಪು. ಒಳಗೆ ಒಣ ಮಣ್ಣು. ಮೇಲೆ ಬಂಡೆ ದೊಡ್ಡ ಸಜ್ಜಾದ ಹಾಗೆ ಚಾಚಿತ್ತು. ಗಾಳಿ, ನೀರು ಎಷ್ಟೋ ಕಾಲ ತಿಂದು ತಿಂದು, ಮೆದು ಭಾಗ ಉದುರಿ, ಗಟ್ಟಿ ಭಾಗ ಉಳಿದು ಇವೆಲ್ಲ ಆಗಿವೆ. ಚಿತ್ರಗಳು ಉಳಿದಿರೋದಕ್ಕೂ ಇದೇ ಕಾರಣ. ಬಣ್ಣ ಗಟ್ಟಿ ಇದ್ದರೆ ಸಾಲದು, ಮಳೆ ತಾಗಬಾರದು.

ಅಪ್ಪ ನೆಲ ಹಾಸುವ ಕೆಲಸದ ಬಗ್ಗೆ ಹೇಳಿದರು. ದೊಡ್ಡ ಕಲ್ಲು ಮೊದಲು ಕೂಡಿಸಬೇಕು. ಅಲುಗಾಡಿದರೆ ಅಡಿಗೆ ಚಿಕ್ಕ ಚಕ್ಕೆ ಕೊಡಬೇಕು. ಸಂದಿಗೆ ಸಣ್ಣ ಕಲ್ಲು. ಇಳಿಜಾರು ಹೊರಗಿನ ಕಡೆಗೇ ಇರಬೇಕು. "ಕಲ್ಲು ಹಾಸೋದು ಯಾವಾಗ? ಒಂದ ರಾತ್ರಿ ಇರೋರು ಹಾಸಂಗಿಲ್ಲ. ನಾಳಿ ಬರತೀನಿ ಅನ್ನೋರು ಹಾಸತಾರ."

ಈ ಮಾತು ನಾನು ಓದಿದ ಯಾವ ಪಾಠದಲ್ಲೂ ಇರಲಿಲ್ಲ. ಆ ಗುಂಡಿಯ ಮುಂದೆ ನಿಂತಾಗ ನನಗೆ ಮೊದಲ ಸಲ ಅವರು ಮನೆ ಇದ್ದವರು ಅನ್ನಿಸಿತು. ಆದಿಮಾನವ ಅನ್ನೋ ಪದದ ಜೊತೆ ಅಲೆಯೋದು, ಬೇಟೆ, ಬೆಂಕಿ ಇಷ್ಟನ್ನೇ ಹೇಳಿಕೊಡುತ್ತಾ ಬಂದಿದ್ದೇನೆ.

ಪಕ್ಕದಲ್ಲೇ ಆಡಿಟೋರಿಯಂ ಗುಹೆ. ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಬರಬಹುದು. ಎತ್ತರದ ಚಾವಣಿ, ಒಳಗೆ ತಂಪು, ಮಾತಾಡಿದರೆ ದನಿ ತುಂಬಿಕೊಳ್ಳುತ್ತದೆ. ಒಂದು ಬಂಡೆಯ ಮೇಲೆ ಬಟ್ಟಲಿನ ಹಾಗೆ ಕುಟ್ಟಿ ತೋಡಿದ ಗುಳಿಗಳಿವೆ. ಬಹಳ ಹಳೆಯವು, ಚಿತ್ರಗಳಿಗಿಂತ ಎಷ್ಟೋ ಹಿಂದಿನವು ಅಂತ ತಜ್ಞರು ವಾದಿಸುತ್ತಾರೆ. ಈ ಕಲ್ಲು ಉಕ್ಕಿನಂಥದ್ದು. ಅಪ್ಪ ಬೆರಳು ಮುಟ್ಟಿಸದೆ ದೂರದಿಂದಲೇ ನೋಡಿ, "ಉಳಿ ಇಲ್ದ ಇದನ್ನ ಕುಟ್ಟಾಕ ಭಾಳ ದಿನ ಬೇಕು" ಅಂದರು.

ಇದೇ ಗುಹೆಯ ಗೋಡೆಯಲ್ಲಿ ಒಂದು ಮಗುವಿನ ಬಲಗೈ ಗುರುತು ಇದೆ. ಹತ್ತಿರ ಹೋಗೋದಕ್ಕೆ ಬಿಡುವುದಿಲ್ಲ, ಬಿಡಬಾರದು ಕೂಡ. ನನ್ನ ತರಗತಿಯ ಮಕ್ಕಳ ಕೈ ಅಷ್ಟೇ. ಯಾರೋ ಆ ಮಗುವನ್ನು ಎತ್ತಿ ಹಿಡಿದಿರಬೇಕು ಅಲ್ವಾ?

ಈ ಗುಹೆಯ ಚಾವಣಿಯದ್ದೇ ಇನ್ನೊಂದು ಕತೆ. 2021ರಲ್ಲಿ ಇಲ್ಲಿ ಐವತ್ತು ಕೋಟಿ ವರ್ಷಕ್ಕೂ ಹಳೆಯ ಡಿಕಿನ್ಸೋನಿಯಾ ಅನ್ನೋ ಜೀವಿಯ ಅಚ್ಚು ಸಿಕ್ಕಿತು ಅಂತ ಸುದ್ದಿಯಾಯಿತು. ನಾನೂ ಮಕ್ಕಳಿಗೆ ಹೇಳಿದ್ದೆ. 2023ರಲ್ಲಿ ಬೇರೆ ವಿಜ್ಞಾನಿಗಳು ಬಂದು ನೋಡಿ, ಅದು ಕೊಳೆತ ಹಳೆಯ ಜೇನುಗೂಡಿನ ಗುರುತು ಅಂತ ತೋರಿಸಿದರು. ಮೊದಲು ಬರೆದ ವಿಜ್ಞಾನಿ ಅದನ್ನು ಒಪ್ಪಿಕೊಂಡರು. ಒಪ್ಪಿಕೊಂಡದ್ದು ನನಗೆ ಬಹಳ ಇಷ್ಟವಾಯಿತು. ಮಕ್ಕಳಿಗೆ ಅದನ್ನೂ ಹೇಳಿದ್ದೇನೆ. ತಲೆ ಎತ್ತಿದರೆ ಈಗಲೂ ಬಂಡೆಗೆ ಹೆಜ್ಜೇನು ಗೂಡುಗಳು ನೇತಾಡುತ್ತಿದ್ದವು. ಸೆಂಟ್ ಹಾಕಿಕೊಂಡು, ಜೋರಾಗಿ ಕೂಗಾಡುತ್ತಾ ಇಲ್ಲಿಗೆ ಬರಬೇಡಿ.

ಆಮೇಲೆ ಚಿತ್ರಗಳು. ಮೃಗಾಲಯ ಬಂಡೆ ಅಂತ ಕರೆಯುವ ನಾಲ್ಕನೇ ಕಲ್ಲಾಸರೆಯಲ್ಲಿ 450ಕ್ಕೂ ಹೆಚ್ಚು ಚಿತ್ರ, 16 ಬಗೆಯ ಪ್ರಾಣಿ. ಆನೆ, ಕಾಡೆಮ್ಮೆ, ಜಿಂಕೆ, ಹಂದಿ. ಬಿಳಿ ಪ್ರಾಣಿಯ ಮೇಲೆ ಕೆಂಪು ಪ್ರಾಣಿ, ಅದರ ಮೇಲೆ ಕುದುರೆ ಸವಾರ. ಕೆಂಪು ಬಣ್ಣ ಕಬ್ಬಿಣದ ಅಂಶ ಇರುವ ಕಲ್ಲಿನದು, ನಮ್ಮ ಕೆಮ್ಮಣ್ಣಿನ ಅಣ್ಣ. ಹೆಚ್ಚಿನ ಹಳೆಯ ಚಿತ್ರಗಳು ಮಧ್ಯ ಶಿಲಾಯುಗದವು, ಸುಮಾರು ಹತ್ತು ಸಾವಿರ ವರ್ಷದಿಂದ ಈಚಿನವು. ಕತ್ತಿ ಹಿಡಿದ ಸವಾರರು ರಾಜರ ಕಾಲದವರು. ಪಕ್ಕದಲ್ಲಿ ಖಾಲಿ ಬಂಡೆ ಬೇಕಾದಷ್ಟಿದೆ. ಆದರೂ ಅದೇ ಗೋಡೆ, ಮತ್ತೆ ಮತ್ತೆ. ಹಿಂದಿನವರ ಚಿತ್ರವನ್ನು ಯಾರೂ ಉಜ್ಜಿ ಅಳಿಸಿಲ್ಲ. ದೀಪಾವಳಿಗೆ ಅವ್ವ ಪ್ರತಿ ವರ್ಷ ಅದೇ ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದದ್ದು ನೆನಪಾಯಿತು.

ಕೊನೆಯದು ಹದಿನೈದನೇದು, ಹಂದಿ ಬಂಡೆ. ಅಣಬೆಯ ಹಾಗೆ ನಿಂತ ಒಂಟಿ ಬಂಡೆ. ಕೊಂಬಿರುವ ದೈತ್ಯ ಹಂದಿ ಒಬ್ಬ ಮನುಷ್ಯನನ್ನು ಅಟ್ಟಿಸಿಕೊಂಡು ಬರುತ್ತಿದೆ. ಪಕ್ಕದಲ್ಲಿ ಒಂದು ಏಡಿ. ಆ ಮನುಷ್ಯ ಎಷ್ಟು ಚಿಕ್ಕವನು! ನೋಡುವಾಗ ನನಗೆ ಎದೆ ಹೊಡೆದುಕೊಂಡಿತು. ಆ ಹೆದರಿಕೆ ನಿಜವಾದದ್ದು.

ಒಂದು ಬೇಸರದ ವಿಷಯವನ್ನೂ ಬರೆಯಬೇಕು. ನಾವು ಅಲ್ಲಿದ್ದಾಗಲೇ ಒಬ್ಬ ಹುಡುಗ ಕಂಬಿ ದಾಟಿ ಹೋಗಿ ಚಿತ್ರದ ಪಕ್ಕ ಕೈ ಊರಿ ಫೋಟೋ ತೆಗೆಸಿಕೊಂಡ. ಕಾವಲಿನವರು ಇನ್ನೊಂದು ಕಡೆ ಇದ್ದರು. ಕೈಯ ಬೆವರು, ಎಣ್ಣೆ ಆ ಬಣ್ಣಕ್ಕೆ ವಿಷ ಇದ್ದ ಹಾಗೆ. ನಾನು ಹೋಗಿ ಹೇಳಿದೆ. ಪಾಪ, ಅವನಿಗೆ ಗೊತ್ತಿರಲಿಲ್ಲ, ತಕ್ಷಣ ಕೈ ತೆಗೆದ. ದಯವಿಟ್ಟು ಮುಟ್ಟಬೇಡಿ. ನೀರು ಚಿಮುಕಿಸಿ ಬಣ್ಣ ಎದ್ದು ಕಾಣುವ ಹಾಗೆ ಮಾಡಬೇಡಿ. ನಿಮ್ಮ ಜೊತೆ ಬಂದ ಮಕ್ಕಳಿಗೆ ಗೇಟಿನಲ್ಲೇ ಹೇಳಿ.

ನಾಲ್ಕನೇ ದಿನ: ಮತ್ತೆ ಬೆಟ್ಟ, ಆಮೇಲೆ ಭೋಜಪುರ

ಬೆಳಗಿನ ಬೆಳಕು ತಪ್ಪಿತ್ತಲ್ಲ, ಅದಕ್ಕೇ ಇನ್ನೊಮ್ಮೆ ಹೋದೆವು. ಈ ಸಲ ಹೋಟೆಲಿನ ಪಕ್ಕದ ಸ್ಟ್ಯಾಂಡಿನಲ್ಲೇ ಕಾರು ಮಾಡಿಕೊಂಡೆವು. ಬೇರೆ ಯಾರೂ ಬಂದಿರಲಿಲ್ಲ. ಓರೆಯಾಗಿ ಬಿದ್ದ ಎಳೆ ಬಿಸಿಲಿಗೆ ನಿನ್ನೆ ಕಾಣದ ಎಷ್ಟೋ ಗೆರೆಗಳು ಕಂಡವು. ಸಾಲಾಗಿ ಕೈ ಹಿಡಿದು ಕುಣಿಯುವವರು. ಡೋಲು ಹೊಡೆಯುವವನು. ಮಂಗಗಳು ಬಂಡೆಯಿಂದ ಬಂಡೆಗೆ ಹಾರುತ್ತಿದ್ದವು. ಅಪ್ಪ ಚಿತ್ರ ನೋಡಲು ಬರಲಿಲ್ಲ. ಅಗೆದ ಜಾಗದ ಮುಂದೆ ಕಟ್ಟೆಯ ಮೇಲೆ ಒಂದು ಗಂಟೆ ಕೂತಿದ್ದರು.

ಮಧ್ಯಾಹ್ನ ಭೋಜಪುರ. ಪರಮಾರರ ರಾಜ ಭೋಜನ ಹೆಸರಿನ, 11ನೇ ಶತಮಾನದ ಶಿವನ ಗುಡಿ. ಪೂರ್ತಿಯಾಗಲೇ ಇಲ್ಲ. ಲಿಂಗವೊಂದೇ 7.5 ಅಡಿ ಎತ್ತರ. ಕಲ್ಲು ಎಳೆದು ಮೇಲೆ ಸಾಗಿಸಿದ ಮಣ್ಣಿನ ಇಳಿಜಾರು ಗುಡಿಯ ಹಿಂದೆ ಹಾಗೇ ಉಳಿದಿದೆ. ಸುತ್ತಲಿನ ಬಂಡೆಗಳ ಮೇಲೆ ಕಂಬ, ಶಿಖರದ ನಕ್ಷೆಗಳನ್ನು ಗೀರಿದ್ದಾರೆ. ಅಪ್ಪ ಮಂಡಿಯೂರಿ ಕೂತು ಆ ಗೆರೆಗಳನ್ನು ಓದಿದರು. ಓದಿದರು ಅಂತಲೇ ಹೇಳಬೇಕು. ನನಗೆ ಅರ್ಥವಾಗದ ಭಾಷೆ ಅದು.

ಐದನೇ ದಿನ: ಕಿಟಕಿ

ವಾಪಸ್ ಬರುವಾಗ ಬೇಕಂತಲೇ ಇಟಾರ್ಸಿಯ ತನಕ ಹಗಲಿನ ರೈಲು ಹಿಡಿದೆವು. ಅಪ್ಪನಿಗೆ ಕಿಟಕಿ. ಒಬೇದುಲ್ಲಾಗಂಜ್ ದಾಟಿದ ಮೇಲೆ ಕಾಡು ಹತ್ತಿರ ಬಂತು. ಮರಗಳ ಮೇಲೆ, ಸ್ವಲ್ಪ ಹೊತ್ತು ಮಾತ್ರ, ಕೋಟೆಯಂಥ ಬಂಡೆಗಳ ಸಾಲು. ಅಪ್ಪ ಏನೂ ಮಾತಾಡಲಿಲ್ಲ, ಕಾಣುವ ತನಕ ಕತ್ತು ತಿರುಗಿಸಿ ನೋಡಿದರು. ಗೊತ್ತಿದ್ದು ನೋಡಿದರೂ ಇಷ್ಟೇ ಕಾಣುತ್ತದೆ. ವಾಕಣಕರ್ ಇದನ್ನು ಗೊತ್ತಿಲ್ಲದೆ ಗುರುತಿಸಿದರಲ್ಲ!

ಘಾಟ್ ಇಳಿದು ಬುಧನಿ, ಆಮೇಲೆ ನರ್ಮದಾ ಸೇತುವೆ. ಇದೇ ನದಿಯ ದಂಡೆಯ ಹಥನೋರಾದಲ್ಲಿ 1982ರಲ್ಲಿ ಭೂವಿಜ್ಞಾನಿ ಅರುಣ್ ಸೋನಕಿಯಾ ಅವರಿಗೆ ಒಂದು ತಲೆಬುರುಡೆಯ ಭಾಗ ಸಿಕ್ಕಿತು. ನಮಗಿಂತ ಹಿಂದಿನ ಬಗೆಯ ಮನುಷ್ಯರದ್ದು. ಭೀಮ್‌ಬೆಟ್ಕಾದ ತಳದ ಪದರದಲ್ಲಿ ಮೂಳೆ ಉಳಿದಿಲ್ಲ. ಹಾಗಾಗಿ ನೆಲ ಹಾಸಿದವರ ಮುಖ ಹೇಗಿತ್ತೋ ಅಂತ ಯೋಚಿಸುವಾಗ ನನಗೆ ಈ ನದಿಯೇ ನೆನಪಾಗುತ್ತದೆ.

ಸೇತುವೆ ದಾಟುವಾಗ ಅಪ್ಪ ಪೆನ್ನು ಕೇಳಿದರು. ಭೀಮ್‌ಬೆಟ್ಕಾದ ಟಿಕೆಟ್ ಜೇಬಿನಲ್ಲೇ ಇತ್ತು. ಅದರ ಹಿಂದೆ ಬರೆಯತೊಡಗಿದರು. ಮೇಲೆ ಚಾಚಿದ ಬಂಡೆ. ಅಂಚಿನಿಂದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಮಳೆ ಬೀಳುವ ಗೆರೆ. ಗೆರೆಯ ಒಳಗೆ ದೊಡ್ಡ ಚಪ್ಪಡಿ, ಸಂದಿಗೆ ಚಿಕ್ಕ ಕಲ್ಲು. ಹೊರಗಿನ ಕಡೆಗೆ ಸ್ವಲ್ಪ ಇಳಿಜಾರು. ಆಮೇಲೆ ಪೆನ್ನು ಎತ್ತಿ ಹಿಡಿದು ನನ್ನ ಕಡೆ ನೋಡಿದರು.

"ನಿನ್ನ ಹುಡುಗ್ರು ಕೇಳತಾರಲ್ಲ. ಮಲಗಿದವರ ತಲಿ ಯಾವ ಕಡೆ ಬರೀಲಿ, ಗ್ವಾಡಿ ಕಡೆನ?"

ಗೋಡೆ ಕಡೆ ಅಂದೆ.